ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಸರಿಯಾದ ಕ್ರಮ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಶಿಸ್ತನ್ನು ನೋಡಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ತೂಗಿ, ಎರಡನ್ನೂ ಬೇರೆ ಬೇರೆಯಾಗಿ ಕದಡಿ, ಆಮೇಲೆ ಬೆರೆಸುತ್ತಾರೆ. ಅದೇ ಕೈಗಳು ಮನೆಮಂದಿಯೆಲ್ಲ ಕುಡಿಯುವ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಮಾತ್ರ ಕಟ್ಟೆಯ ಬಳಿ ನಿಂತು ಒಂದೆರಡು ಹಿಡಿ ಎರಚಿ ಸುಮ್ಮನಾಗುತ್ತವೆ. ನಮ್ಮ ನೆರೆಮನೆಯವರೊಬ್ಬರು ಹೀಗೆಯೇ ಇಡೀ ಪೊಟ್ಟಣ ಸುರಿದು, ನಾಲ್ಕು ದಿನ ನಮ್ಮ ಬಾವಿಯಿಂದ ನೀರು ಹೊತ್ತರು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಾಗ ನಮಗೇಕೆ ನೀರಿನ ಚಿಂತೆ ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದಂತೆ 2022ರಲ್ಲಿ ಜಗತ್ತಿನ 220 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರು ಸಿಗುತ್ತಿರಲಿಲ್ಲ. ಆ ಲೆಕ್ಕದಲ್ಲಿ ನೀರು ಮನೆಯಲ್ಲೇ ಇದ್ದು, ಬೇಕೆಂದಾಗ ಸಿಕ್ಕರಷ್ಟೇ ಸಾಲದು, ಮಲದ ಸೋಂಕಿನಿಂದಲೂ ಮುಕ್ತವಾಗಿರಬೇಕು. ಆಷಾಢದಲ್ಲಿ ಕೈಗೆಟುಕುವಷ್ಟು ನೀರು ಮೇಲೇರಿದ, ಶೌಚದ ಗುಂಡಿಯಿಂದ ಹತ್ತು ಹೆಜ್ಜೆಯೂ ದೂರವಿಲ್ಲದ ಅಂಗಳದ ಬಾವಿ ಈ ಮೂರನೆಯ ಷರತ್ತಿನಲ್ಲೇ ಸೋಲುತ್ತದೆ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರವಿರಬೇಕು; ಅದಿಲ್ಲದಿದ್ದರೆ ಪುಡಿ ಹಾಕುವುದು ತಾತ್ಕಾಲಿಕ ಉಪಾಯವಷ್ಟೇ.

ಮೊದಲು ಬಾವಿಯ ಕಸ, ಎಲೆ ತೆಗೆಯಿರಿ. ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಮೀನುಗಳಿದ್ದರೆ ಹಿಡಿದು, ಪುಡಿ ಹಾಕುವ ಮೊದಲೇ ಸೇದಿಟ್ಟ ಬಾವಿ ನೀರಿನ ತೊಟ್ಟಿಗೆ ಬಿಡಿ. ಹೊರಗಿನ ಕೆಂಪು ನೀರು ನುಗ್ಗಿದ ಬಾವಿಯನ್ನು ಮಾತ್ರ ಪಂಪು ಹಚ್ಚಿ ಖಾಲಿ ಮಾಡಿ, ತಿಳಿನೀರು ಬಂದ ಮೇಲೆಯೇ ಮುಂದುವರಿಯಬೇಕು, ಏಕೆಂದರೆ ರಾಡಿ ನೀರಿನಲ್ಲಿರುವ ಕೊಳೆಯೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ.

ಎರಡನೆಯದು ಅಳತೆ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟಿಸಿ ಮೇಲೆಳೆದು, ಒದ್ದೆಯಾದ ಭಾಗವನ್ನು ಟೇಪಿನಿಂದ ಅಳೆಯಿರಿ. ಅದು ನೀರಿನ ಆಳ. ಬಾವಿಯ ಒಳ ವ್ಯಾಸವನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಎಲ್ಲವೂ ಮೀಟರಿನಲ್ಲಿರಬೇಕು, ಅಡಿಯಲ್ಲಿ ಅಳೆದು ಇದೇ ಸೂತ್ರ ಹಚ್ಚಿ ಎಡವಿದವರನ್ನು ನಾನು ಕಂಡಿದ್ದೇನೆ. ಎರಡೂವರೆ ಮೀಟರ್ ವ್ಯಾಸ, ನಾಲ್ಕು ಮೀಟರ್ ನೀರು ಇರುವ ಬಾವಿಯಲ್ಲಿ ಸುಮಾರು 19,600 ಲೀಟರ್ ಇರುತ್ತದೆ. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಸಾಕಾಗುವುದರಿಂದ ಈ ಬಾವಿಗೆ ಬೇಕಾದದ್ದು ಬರೀ 49 ಗ್ರಾಂ.

ಒಳ್ಳೆಯ ಪುಡಿ ಎಂದದ್ದಕ್ಕೆ ಕಾರಣವಿದೆ. ತಾಜಾ ಪುಡಿಯಲ್ಲಿ ಸುಮಾರು ಶೇ. 33ರಷ್ಟು ಕ್ಲೋರಿನ್ ಇರುತ್ತದೆ. ಗಾಳಿ, ಬೆಳಕು, ತೇವ ತಾಗಿದಂತೆ ಅದು ಇಳಿಯುತ್ತದೆ, ನಮ್ಮ ಮಳೆಗಾಲದಲ್ಲಂತೂ ಬಾಯಿ ತೆರೆದ ಪೊಟ್ಟಣ ಬೇಗನೆ ಗಂಟುಗಟ್ಟುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಯಾಗಿ ಮಾರುವ ಪುಡಿಯನ್ನು ಕೊಳ್ಳಲೇಬೇಡಿ. ಮೂಗಿಗೆ ಘಾಟು ಹೊಡೆಯದ ಪುಡಿ ಸುಣ್ಣಕ್ಕೆ ಸಮ.

ಈಗ ಎಲ್ಲರೂ ಕೆಡಿಸುವ ಹಂತ. ಸಂಜೆ ಎಲ್ಲರೂ ನೀರು ಸೇದಿಟ್ಟುಕೊಂಡ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತೂಗಿದ ಪುಡಿ ಹಾಕಿ. ಒಂದು ಬಕೆಟ್ಟಿಗೆ 100 ಗ್ರಾಂ ಮೀರಬಾರದು. ಮೊದಲು ಸ್ವಲ್ಪವೇ ನೀರು ಬಿಟ್ಟು ದೋಸೆ ಹಿಟ್ಟಿನಂತೆ ಗಂಟಿಲ್ಲದೆ ಕಲಸಿ, ಬಳಿಕ ಬಕೆಟ್ಟಿನ ಮುಕ್ಕಾಲು ಭಾಗದವರೆಗೆ ನೀರು ತುಂಬಿಸಿ ಕೋಲಿನಿಂದ ಚೆನ್ನಾಗಿ ತಿರುವಿ. ಹತ್ತು ನಿಮಿಷ ಮುಟ್ಟದೆ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು ಚರಟವನ್ನು ಚೆಲ್ಲಬೇಕು. ಕಾಸು ಕೊಟ್ಟದ್ದನ್ನು ಚೆಲ್ಲುವುದೇಕೆಂದು ಚರಟವನ್ನೂ ಸುರಿದರೆ ನೀರು ಗಡುಸಾಗುತ್ತದೆ, ಬೇರೆ ಲಾಭವಿಲ್ಲ. ತಿಳಿ ತುಂಬಿದ ಬಕೆಟ್ಟನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಮತ್ತು ಅತ್ತಿತ್ತ ಜೋರಾಗಿ ಆಡಿಸಿ. ಮೇಲಿನಿಂದ ಸುರಿದರೆ ಔಷಧಿ ಮೇಲ್ಪದರದಲ್ಲೇ ಉಳಿದು ತಳದ ನೀರು ಹಾಗೆಯೇ ಇರುತ್ತದೆ. ಈ ಬಕೆಟ್ಟಿಗೆ ಶೌಚಾಲಯ ತೊಳೆಯುವ ಆಸಿಡ್ ತಾಗದಿರಲಿ, ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ.

ಕನಿಷ್ಠ ಒಂದು ಗಂಟೆ ನೀರು ಮುಟ್ಟಬಾರದು. ರಾತ್ರಿಯಿಡೀ ಬಿಡುವುದೇ ನನ್ನ ಪದ್ಧತಿ. ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆಯ ದ್ರಾವಣದ ಹನಿ ಬಿದ್ದೊಡನೆ ನೀರು ಹಳದಿಯಾಗುವುದನ್ನು ಪಟ್ಟಿಯ ಬಣ್ಣದೊಂದಿಗೆ ಹೋಲಿಸಿ ಇದನ್ನು ತಿಳಿಯಬಹುದು. ಆ ನೀರನ್ನು ಕುಡಿಯದೆ ಚೆಲ್ಲಬೇಕು. ಕಡಿಮೆ ಕಂಡರೆ ಅದೇ ಕ್ರಮದಲ್ಲಿ ಇನ್ನಷ್ಟು ತಿಳಿ ಹಾಕಿ. ಟೈಫಾಯ್ಡ್, ಕಾಲರಾ ರೋಗಾಣುಗಳು ಇದರಿಂದ ಸಾಯುತ್ತವೆ, ತೋಟದಿಂದ ಬಸಿದ ಕೀಟನಾಶಕ ಹೋಗುವುದಿಲ್ಲ.

ತೊಟ್ಟಿಯ ಮೀನುಗಳಿಗೆ ಎರಡು ಮೂರು ದಿನ ಅಲ್ಲೇ ವಾಸ. ಪರೀಕ್ಷೆಯಲ್ಲಿ ಹಳದಿ ಬಣ್ಣ ಬಾರದಾದ ಮೇಲೆಯೇ ಅವನ್ನು ಬಾವಿಗೆ ಬಿಡಿ.