ಆಮ್‌ಸ್ಟರ್‌ಡ್ಯಾಮ್‌ನಿಂದ ಲಿಸ್ಬನ್: ಟಿಕೆಟ್‌ನಲ್ಲಿ ಎರಡು ಗಂಟೆ, ಸೀಟಿನಲ್ಲಿ ಮೂರು

ಅಪ್ಪ, ಅಮ್ಮ ಮೈಸೂರಿನಿಂದ ನಮ್ಮ ಮನೆಗೆ, ಆಮ್‌ಸ್ಟರ್‌ಡ್ಯಾಮ್‌ಗೆ ಬಂದಿದ್ದರು. ಅವರನ್ನು ಲಿಸ್ಬನ್‌ಗೆ ಕರೆದುಕೊಂಡು ಹೋಗೋಣ ಅಂತ ಟಿಕೆಟ್ ಮಾಡಿಸಿದೆ. ವಿಮಾನ ಇಲ್ಲಿನ ನಿಲ್ದಾಣ ಸ್ಕಿಪೋಲ್ ಬಿಡುವುದು 9:30ಕ್ಕೆ, ಲಿಸ್ಬನ್ ಸೇರುವುದು 11:35ಕ್ಕೆ. "ಎರಡೇ ಗಂಟೆ ಅಲ್ವಾ?" ಅಂದರು ಅಪ್ಪ. ವಾಪಸ್ ಟಿಕೆಟ್‌ನಲ್ಲಿ ನೋಡಿದರೆ 12:25ಕ್ಕೆ ಹೊರಟು 16:20ಕ್ಕೆ ಬರುತ್ತದೆ, ಹತ್ತಿರ ಹತ್ತಿರ ನಾಲ್ಕು ಗಂಟೆ!

ಪೋರ್ಚುಗಲ್‌ನ ಗಡಿಯಾರ ನೆದರ್ಲೆಂಡ್ಸ್‌ಗಿಂತ ಒಂದು ಗಂಟೆ ಹಿಂದೆ, ಬೇಸಿಗೆಯಲ್ಲೂ ಚಳಿಗಾಲದಲ್ಲೂ. ಹಾಗಾಗಿ ಎರಡೂ ಕಡೆ ನಿಜವಾದ ಪ್ರಯಾಣ ಸುಮಾರು ಮೂರು ಗಂಟೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಊಟ, ಮಾತ್ರೆ ಹೊತ್ತಿಗೆ ಸರಿಯಾಗಿ ಆಗಬೇಕು. ಅದಕ್ಕೇ ನಾನೇ ಒಂದು ಸಲ ಲೆಕ್ಕ ಹಾಕಿ ನೋಡಿದೆ.

ಅಡುಗೆಮನೆ ಮೇಜಿನ ಮೇಲೆ, ಹಳೇ ಬಿಲ್ಲಿನ ಹಿಂದೆ ಬರೆದ ಲೆಕ್ಕ ಅದು. ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶದ ವ್ಯತ್ಯಾಸ 13.5 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಸುಮಾರು 1,500 ಕಿ.ಮೀ. ರೇಖಾಂಶದ ವ್ಯತ್ಯಾಸ 13.9 ಡಿಗ್ರಿ, ಆದರೆ ಉತ್ತರಕ್ಕೆ ಹೋದಷ್ಟೂ ರೇಖಾಂಶಗಳು ಹತ್ತಿರ ಬರುತ್ತವಲ್ಲ, ಅದಕ್ಕೆ ನಡುವಿನ ಅಕ್ಷಾಂಶ 45.5ರ ಕೊಸೈನ್, ಅಂದರೆ 0.70ರಿಂದ ಗುಣಿಸಬೇಕು, ಆಗ 1,080 ಬರುತ್ತದೆ. ಇನ್ನು ಉಳಿದದ್ದು ಸ್ಕೂಲಿನಲ್ಲಿ ಕಲಿತ ಪೈಥಾಗೊರಸ್: 1,850 ಕಿ.ಮೀ. ಭೂಮಿಯ ಗುಂಡುತನ ಹಿಡಿದು ಮಾಡಿದ ಪೂರ್ತಿ ಲೆಕ್ಕದಲ್ಲಿ 1,847 ಬಂತು. ಮೂರೇ ಕಿ.ಮೀ. ವ್ಯತ್ಯಾಸ, ನನಗೆ ತುಂಬಾ ಖುಷಿಯಾಯಿತು.

ಗಂಟೆಗೆ 800 ಕಿ.ಮೀ. ಅಂತ ಭಾಗಿಸಿದರೆ 2 ಗಂಟೆ 18 ನಿಮಿಷ. ಏರಿಳಿಯುವುದಕ್ಕೆ, ನೆಲದ ಮೇಲೆ ಓಡಾಡುವುದಕ್ಕೆ ನಾನು ಅರ್ಧ ಗಂಟೆ ಸೇರಿಸುತ್ತೇನೆ. ಆಮೇಲೆ ಗಾಳಿ ನೋಡಬೇಕು. ಇಲ್ಲಿ ಮೇಲೆ ಪಶ್ಚಿಮದ ಗಾಳಿ ಜಾಸ್ತಿ, ನೈಋತ್ಯದ ಲಿಸ್ಬನ್‌ಗೆ ಹೋಗುವಾಗ ಎದುರು ಬರುತ್ತದೆ, ಬರುವಾಗ ಬೆನ್ನಿಗೆ ಬೀಸುತ್ತದೆ. ಹೋಗುವಾಗ ನಾವು ಗಾಳಿಯಲ್ಲಿದ್ದದ್ದು 2 ಗಂಟೆ 38 ನಿಮಿಷ, ಬರುವಾಗ 2 ಗಂಟೆ 22.

ಹಾಗಂತ ಬೇಗ ಮನೆ ಸೇರಿದೆವು ಅಂದುಕೊಳ್ಳಬೇಡಿ. ಇಳಿದದ್ದು ಪೋಲ್ಡರ್‌ಬಾನ್‌ನಲ್ಲಿ. 2003ರಲ್ಲಿ ಶುರುವಾದ ಈ ರನ್‌ವೇ ಟರ್ಮಿನಲ್‌ನಿಂದ ಅಷ್ಟು ದೂರ ಇದೆ ಅಂದರೆ, ವಿಮಾನ ಹೆದ್ದಾರಿಯ ಮೇಲಿನ ಸೇತುವೆ ದಾಟಿ ಬರಬೇಕು. ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ಕೆಳಗೆ ಹೋಗುವ ಕಾರುಗಳನ್ನು ನೋಡುತ್ತಲೇ ಇದ್ದರು. ಗೇಟ್ ಸೇರಲು 16 ನಿಮಿಷ ಹಿಡಿಯಿತು.

ಎರಡೂ ದಿನ ಅಪ್ಪನ ಕೈಗಡಿಯಾರ ಮಾತ್ರ ಆಮ್‌ಸ್ಟರ್‌ಡ್ಯಾಮ್ ಸಮಯದಲ್ಲೇ ಇತ್ತು. ಹೋಗುವಾಗ ಅದರಲ್ಲಿ 12 ಆದಾಗ, ಇನ್ನೂ ಸ್ಪೇನ್ ಮೇಲೆ ಇದ್ದಾಗಲೇ, ಮಾತ್ರೆ ಕೊಟ್ಟು ಚಪಾತಿ ಡಬ್ಬಿ ಬಿಚ್ಚಿದೆವು.