ಹಿನ್ನೀರಿನ ಜೀಪು ದಾರಿಯಲ್ಲಿ ಗುಡಾರದ ಜಾಗ ಆರಿಸುವ ಬಗೆ

ಸಾಗರ, ಹೊಸನಗರದ ಕಡೆ ಶರಾವತಿ ಹಿನ್ನೀರಿನಂಚಿನ ಜೀಪು ದಾರಿಗಳಲ್ಲಿ ರಾತ್ರಿ ತಂಗಲು ಹೊರಡುವ ಸ್ನೇಹಿತರು, ಅಲ್ಲಿ ಹಲವು ಕಡೆ ಅಭಯಾರಣ್ಯ ಅಥವಾ ಮೀಸಲು ಅರಣ್ಯವಿರುವುದನ್ನೂ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗುಡಾರ ಹಾಕುವಂತಿಲ್ಲ ಎಂಬುದನ್ನೂ ಮೊದಲು ತಿಳಿದಿರಬೇಕು. ಹಳ್ಳಿಯವರ ಅಂಗಳವನ್ನೋ ಅವರ ಸ್ವಂತ ಬೇಣವನ್ನೋ (ಹುಲ್ಲುಗಾವಲನ್ನೋ) ಕೇಳಿ ಪಡೆಯುವುದು ನನ್ನ ಅನುಭವದಲ್ಲಿ ಅತ್ಯುತ್ತಮ ಮಾರ್ಗ. ದಾರಿ ಎಲ್ಲಿ ಕುಸಿದಿದೆ, ಯಾವ ಹಳ್ಳ ದಾಟಬಹುದು ಎಂಬ ಮಾಹಿತಿಯೂ ಅವರಿಂದಲೇ ಸಿಗುತ್ತದೆ.

ಬೇಸಿಗೆಯಲ್ಲಿ ನೀರಿಳಿದು ಬಯಲಾದ ದಂಡೆ ಎಷ್ಟೇ ಸಮತಟ್ಟಾಗಿ ಕಂಡರೂ ವಾಹನವನ್ನು ಅದರ ಮೇಲೆ ಇಳಿಸಬೇಡಿ. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಹಸಿ ಹೂಳಿರುತ್ತದೆ; ಒಮ್ಮೆ ನಮ್ಮ ಜೀಪಿನ ಹಿಂದಿನ ಚಕ್ರಗಳು ಹೂತುಹೋಗಿ, ನಾಲ್ಕು ಚಕ್ರದ ಗೇರು ಹಾಕಿದರೂ ಮೇಲೇಳದೆ, ಕೊನೆಗೆ ಟ್ರ್ಯಾಕ್ಟರಿನಿಂದ ಎಳೆಸಬೇಕಾಯಿತು. ಕೋಲಿನಿಂದ ಚುಚ್ಚಿ ನೋಡುತ್ತಾ ನಡೆದು ಬಂದ ನಂತರವೇ ನಿರ್ಧರಿಸಿ.

ಇನ್ನೊಂದು ವಿಷಯವನ್ನು ದಯವಿಟ್ಟು ಹಗುರವಾಗಿ ಪರಿಗಣಿಸಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ (ರಕ್ತ ಹೀರುವ ಉಣ್ಣೆಗಳ) ಕಡಿತದಿಂದ ಹರಡುತ್ತದೆ, ಮತ್ತು ನಾವು ಪ್ರವಾಸ ಹೊರಡುವ ಒಣ ತಿಂಗಳುಗಳೇ ಅದರ ಕಾಲ. ತರಗೆಲೆ ದಟ್ಟವಾಗಿರುವಲ್ಲಿ ಮಲಗಬೇಡಿ, ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮರಳಿದ ಮೇಲೆ ಜ್ವರ ಬಂದರೆ, ಕಾಡಿನಲ್ಲಿ ತಂಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ.

ಮಳೆಗಾಲದಲ್ಲಂತೂ ಈ ದಾರಿಗಳಲ್ಲಿ ಗುಡಾರದ ಯೋಚನೆಯೇ ಬೇಡ.