ಅನ್ನ ಬೇರೆ, ಬೇಳೆ ಬೇರೆ: ಇಮ್ಯಾಜಿಕಾಗೆ ಹೋದಾಗ ಮಕ್ಕಳ ಊಟಕ್ಕೆ ಜಾಗ ಹುಡುಕಿದ ಬಗೆ

ಮುಂಬೈ-ಪುಣೆ ದಾರಿಯ ಖೋಪೋಲಿಯಲ್ಲಿ ಇಮ್ಯಾಜಿಕಾ ಅಂತ ಒಂದು ಥೀಮ್ ಪಾರ್ಕ್ ಇದೆ. ಅಲ್ಲಿಗೆ ಹೋಗಿ ಬಂದವರು ಯಾರನ್ನೇ ಕೇಳಿ, ಯಾವ ರೈಡು ಚೆನ್ನಾಗಿದೆ ಅಂತ ಹೇಳುತ್ತಾರೆ. ಮೂರು ವರ್ಷದ ಮಗು ಮಧ್ಯಾಹ್ನ ಎಲ್ಲಿ ಏನು ತಿಂದಿತು ಅಂತ ಯಾರೂ ಹೇಳುವುದಿಲ್ಲ. ನಮ್ಮ ಮನೆಯವರ ಪ್ರವಾಸ ನಿಂತಿರುವುದೇ ಅದರ ಮೇಲೆ. ಹಸಿದ ಮಗುವಿಗೆ ಯಾವ ರೈಡೂ ಬೇಡ, ಎತ್ತಿಕೊಂಡರೂ ಬೇಡ, ಇಳಿಸಿದರೂ ಬೇಡ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಊರು ಕುಂದಾಪುರದ ಕಡೆ. ನನ್ನ ಮಗನಿಗೆ ನಾಲ್ಕು ವರ್ಷ, ತಂಗಿಯ ಮಗಳಿಗೆ ಮೂರು. ಮಗ ಅನ್ನವನ್ನೂ ತಿನ್ನುತ್ತಾನೆ, ತೊವ್ವೆಯನ್ನೂ ತಿನ್ನುತ್ತಾನೆ. ಆದರೆ ತೊವ್ವೆ ಹರಿದು ಬಂದು ಅನ್ನಕ್ಕೆ ತಾಗಿತೋ, ತಟ್ಟೆ ದೂಡಿಬಿಡುತ್ತಾನೆ. ತಂಗಿಯ ಮಗಳ ಬಾಯಿಗೆ ಈರುಳ್ಳಿಯ ಒಂದು ಚೂರು ಸಿಕ್ಕಿದರೆ ಸಾಕು, ಅಲ್ಲಿಗೆ ಊಟ ಮುಗಿಯಿತು.

ಇದು ಬರೀ ಹಟ ಅಂತ ನನಗೆ ಅನ್ನಿಸುವುದಿಲ್ಲ. ಹುಟ್ಟಿದ ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಎರಡು ದಾಟಿದ ಮೇಲೆ ವರ್ಷಕ್ಕೆ ಏರುವುದು ಹೆಚ್ಚುಕಡಿಮೆ 2 ಕಿಲೋ ಅಷ್ಟೇ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ ಅಲ್ವಾ? ಹೊಸ ತಿನಿಸು ಕಂಡರೆ ಹಿಂದೆ ಸರಿಯುವುದೂ 2ರಿಂದ 6 ವರ್ಷದ ಒಳಗೇ ಜಾಸ್ತಿ. ಒಂದು ತಿನಿಸನ್ನು ಮಗು ಒಪ್ಪಿಕೊಳ್ಳಬೇಕಾದರೆ ಅದು ಎಂಟು, ಹತ್ತು, ಕೆಲವು ಸಲ ಹದಿನೈದು ಬಾರಿಯಾದರೂ ತಟ್ಟೆಗೆ ಬರಬೇಕು. ಅದನ್ನೆಲ್ಲ ಮನೆಯಲ್ಲಿ ಮಾಡಿದರಾಯಿತು. ಪ್ರವಾಸಕ್ಕೆ ಹೋದಾಗ ಹೊಸದು ತಿನ್ನಿಸುವ ಉಸಾಬರಿಗೆ ನಾನು ಹೋಗುವುದಿಲ್ಲ.

ಹಾಗಾಗಿ ಕಿಡ್ಸ್ ಮೆನು ಇರುವ ಹೋಟೆಲನ್ನೇ ಹುಡುಕಬೇಕು ಅಂತ ನನಗಿಲ್ಲ. ಆ ಮೆನುವಿನಲ್ಲಿ ಸಾಮಾನ್ಯವಾಗಿ ಇರುವುದು ನೂಡಲ್ಸ್, ಪಾಸ್ತಾ, ನಗೆಟ್ಸ್, ಫ್ರೈಸ್. ಪಾಸ್ತಾದ ಸಾಸಿನಲ್ಲಿ ಈರುಳ್ಳಿ, ಮೇಲೆ ಚಿಲ್ಲಿ ಫ್ಲೇಕ್ಸ್. ನನಗೆ ಬೇಕಾದದ್ದು ಕೇಳಿದ್ದನ್ನು ಬಿಡಿಬಿಡಿಯಾಗಿ, ಒಗ್ಗರಣೆ ಇಲ್ಲದೆ, ಬೇಗ ಕೊಡುವ ಅಡುಗೆಮನೆ. ಅಂಥದ್ದು ಸಿಕ್ಕರೆ ಬಣ್ಣದ ಕುರ್ಚಿ, ಗೊಂಬೆ ಚಿತ್ರ ಏನೂ ಇಲ್ಲದಿದ್ದರೂ ನಡೆಯುತ್ತದೆ.

ಹುಡುಕುವುದನ್ನು ಮನೆಯಲ್ಲೇ ಕೂತು ಮಾಡಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನಾವು ಹೋಗುವ ದಾರಿಯ ಪನ್ವೇಲ್‌ನಿಂದ ಖೋಪೋಲಿವರೆಗಿನ ಹೋಟೆಲ್‌ಗಳನ್ನು ತೆರೆದು, ಸ್ಟಾರ್ ಎಷ್ಟಿದೆ ಅಂತ ನೋಡುವ ಬದಲು ಜನ ಹಾಕಿದ ಮೆನು ಕಾರ್ಡಿನ ಫೋಟೋ ನೋಡಿದೆ. ಸಾದಾ ಅನ್ನ, ಸಾದಾ ದಾಲ್, ಮೊಸರು ಬೇರೆ ಬೇರೆಯಾಗಿ ಸಿಗುತ್ತದೆಯೇ ಅಂತ ಅಲ್ಲಿ ಗೊತ್ತಾಗುತ್ತದೆ. ಅಭಿಪ್ರಾಯಗಳ ಒಳಗೂ ಹುಡುಕಬಹುದು. ಖಾರ, ತಿಖಟ್, ಸ್ಪೈಸಿ ಅಂತ ಹಾಕಿದರೆ ಆ ಮಾತಿರುವ ಸಾಲುಗಳೇ ಮೇಲೆ ಬರುತ್ತವೆ. ಆಮೇಲೆ ಮಧ್ಯಾಹ್ನ ಮೂರರ ನಂತರ ಫೋನ್ ಮಾಡಿದೆ. ಊಟದ ಗಲಾಟೆ ಮುಗಿದಿರುತ್ತದೆ, ಆ ಕಡೆಯವರಿಗೆ ಮಾತಾಡಲು ಪುರಸೊತ್ತಿರುತ್ತದೆ. ಕೇಳಿದ್ದು ಇಷ್ಟೇ. ತಡ್ಕಾ ಇಲ್ಲದೆ ದಾಲ್ ಕೊಡುತ್ತೀರಾ? ಮಗುವಿನದ್ದನ್ನು ಮೊದಲು ಕಳಿಸುತ್ತೀರಾ? "ಆಯಿತು, ಬನ್ನಿ" ಅಂದವರ ಹೆಸರು ಬರೆದುಕೊಂಡೆ. "ಬಂದ ಮೇಲೆ ನೋಡೋಣ" ಅಂದವರನ್ನು ಬಿಟ್ಟೆ.

ಬೆಳಗಿನ ತಿಂಡಿಗೆ ಶೆಟ್ಟಿ ಹೋಟೆಲೇ ಸರಿ. ಮುಂಬೈ, ಪುಣೆ ಕಡೆ ಎಲ್ಲಿ ಹೋದರೂ ನಮ್ಮವರದ್ದೊಂದು ಇದ್ದೇ ಇರುತ್ತದೆ, ಹೆದ್ದಾರಿಯಲ್ಲೂ ಸಿಗುತ್ತದೆ. ಆದರೆ ಒಂದು ಎಚ್ಚರ ಬೇಕು. ಇಲ್ಲಿನ ಮೆನುವಿನಲ್ಲಿ 'ಮೈಸೂರು ಸಾದಾ' ಅಂದರೆ ಒಳಗೆ ಕೆಂಪು ಖಾರದ ಚಟ್ನಿ ಸವರಿದ ದೋಸೆ. ಸಾದಾ ಅನ್ನುವ ಮಾತು ನಂಬಿ ಮಗುವಿಗೆ ಕೊಟ್ಟರೆ ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಬರೀ 'ಸಾದಾ' ಅಂತಲೇ ಕೇಳಬೇಕು. ಮತ್ತೆ ಇಲ್ಲಿನ ದೋಸೆ ತೆಳ್ಳಗೆ, ಗರಿಗರಿ. ದೊಡ್ಡವರಿಗೆ ಅದೇ ಚೆಂದ, ಚಿಕ್ಕವರಿಗೆ ಅಂಗುಳಕ್ಕೆ ಚುಚ್ಚುತ್ತದೆ. ಪನ್ವೇಲ್ ಹತ್ತಿರ ನಿಲ್ಲಿಸಿದ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂತವರು ನಮ್ಮ ಕಡೆಯವರೇ ಅಂತ ಮಾತಿನಲ್ಲೇ ಗೊತ್ತಾಯಿತು.

"ಅಣ್ಣಾ, ಮಕ್ಕಳಿಗೆ ದೋಸೆ ಬೇಕಿತ್ತು. ದಪ್ಪ ಇರಲಿ, ಕೆಂಪಾಗುವುದು ಬೇಡ."

"ಉತ್ತಪ್ಪದ ಹಾಗೆ ಸಣ್ಣದು ಎರಡೆರಡು ಹಾಕಿಸ್ತೇನೆ ಅಕ್ಕಾ. ಮೇಲೆ ಈರುಳ್ಳಿ ಗಿರುಳ್ಳಿ ಏನೂ ಬೇಡ ಅಲ್ವಾ? ಬೆಣ್ಣೆ ಹಾಕಬಹುದಾ?"

ಅಂಗೈ ಅಗಲದ ಬಿಳಿ ದೋಸೆ ಬಂತು. ಬೆಣ್ಣೆ ಕರಗಿ ತೂತುಗಳಲ್ಲಿ ಇಳಿದಿತ್ತು. ಇಬ್ಬರೂ ಮಾತಾಡದೆ ತಿಂದರು. ದೊಡ್ಡವರಿಗೆ ಇನ್ನೂ ಕಾಫಿ ಬಂದಿರಲಿಲ್ಲ. ಮಕ್ಕಳದ್ದು ಮೊದಲು ಬಂದರೆ ಹೀಗೆ ನೆಮ್ಮದಿ.

ಮಧ್ಯಾಹ್ನದ ಊಟಕ್ಕೆ ಪಾರ್ಕಿನ ಒಳಗೇ ಇರಬೇಕು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಚಿಕ್ಕ ಮಕ್ಕಳ ಊಟದ ವಿಷಯವನ್ನು ಟಿಕೆಟ್ ತೆಗೆಯುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಒಳಗೆ ಅಮೆರಿಕನ್ ಡೈನರ್ ಥರದ್ದೂ ಇದೆ, ದೊಡ್ಡ ಹಾಲ್‌ನಲ್ಲಿ ಕೂತು ತಿನ್ನುವ ಊಟವೂ ಇದೆ. ಇಂಥ ಕಡೆ ನನ್ನ ಆಯ್ಕೆ ಬಫೆ. ಮೆನು ಕಾರ್ಡಿನ ಹೆಸರು ಕೇಳಿ ಮಗು ಏನನ್ನೂ ಒಪ್ಪುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಒಪ್ಪುತ್ತದೆ. ತಟ್ಟೆ ಹಿಡಿಯುವ ಮೊದಲು ಮಗನ ಕೈ ಹಿಡಿದು ಒಂದು ಸುತ್ತು ಹಾಕಿದೆ. ಸಿಹಿ ಇಟ್ಟಿದ್ದ ಮೂಲೆಯನ್ನು ತಪ್ಪಿಸಿದೆ. ಅನ್ನ, ಮೊಸರು, ಸೌತೆಕಾಯಿ ಚೂರು, ಚಪಾತಿ. ಇಷ್ಟನ್ನು ಅವನೇ ತೋರಿಸಿದ. ಖಾನೆಗಳಿರುವ ಸ್ಟೀಲ್ ತಟ್ಟೆಯನ್ನು ನಾನೇ ಚೀಲದಲ್ಲಿಟ್ಟುಕೊಂಡಿದ್ದೆ. ಒಂದಕ್ಕೊಂದು ತಾಗುವ ಪ್ರಶ್ನೆಯೇ ಇಲ್ಲ.

ಹೊತ್ತು ಮಾತ್ರ ಮುಖ್ಯ. ಒಂದು ಗಂಟೆಗೆ ಎಲ್ಲರೂ ಊಟಕ್ಕೆ ನುಗ್ಗುತ್ತಾರೆ. ನಾವು ಕೌಂಟರ್ ತೆರೆಯುವ ಹೊತ್ತಿಗೇ ಹೋದೆವು. ಸಾಲೂ ಇರಲಿಲ್ಲ, ಗದ್ದಲವೂ ಇರಲಿಲ್ಲ. ಜೋರು ಸದ್ದಿರುವ ಕಡೆ ನನ್ನ ಮಗ ತಿನ್ನುವುದೇ ಇಲ್ಲ. ಊಟಕ್ಕೆ ಮುಂಚಿನ ಒಂದೂವರೆ ಗಂಟೆ ಜ್ಯೂಸ್, ಹಾಲು, ಐಸ್‌ಕ್ರೀಂ ಯಾವುದೂ ಇಲ್ಲ, ಬರೀ ನೀರು. ಪಾಪ್‌ಕಾರ್ನ್ ಅಂತೂ ನಾನು ಕೊಡುವುದೇ ಇಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಇಡೀ ಶೇಂಗಾ, ಇಡೀ ದ್ರಾಕ್ಷಿ ಕೂಡ ಹಾಗೆಯೇ. ವಾಪಸು ಬರುವಾಗ ಲೋಣಾವಳದ ಚಿಕ್ಕಿ ತಂದುಕೊಡುವ ನೆಂಟರಿಗೂ ಇದನ್ನು ಹೇಳಿದ್ದೇನೆ.

ಅತ್ತೆ ಜೊತೆಗಿದ್ದರು. "ಎರಡೇ ತುತ್ತು ತಿಂದಿದೆ ಮಾರಾಯ್ತಿ" ಅಂತ ಅವರಿಗೆ ಸಂಕಟ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಹೇಳುವ ಒಂದು ಕ್ರಮ ನಮ್ಮ ಮನೆಯಲ್ಲಿ ನಡೆಯುತ್ತದೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಲೆಕ್ಕ. ಎಷ್ಟು, ತಿನ್ನಬೇಕೋ ಬೇಡವೋ ಅನ್ನುವುದು ಮಗುವಿನ ಲೆಕ್ಕ. "ಇರಲಿ ಅತ್ತೆ, ನಾಲ್ಕು ಗಂಟೆಗೆ ಮತ್ತೆ ಕೊಡುವ" ಅಂದೆ. ನಾಲ್ಕಕ್ಕೆ ಕೊಟ್ಟಾಗ ಒಂದೂವರೆ ಬಾಳೆಹಣ್ಣು ಹೋಯಿತು. ಒತ್ತಾಯ ಮಾಡಿದ್ದರೆ ಅದೂ ಇಲ್ಲ.

ರಾತ್ರಿ ಖೋಪೋಲಿಯಲ್ಲೇ ಉಳಿದೆವು. ನನಗೆ ತುಂಬಾ ಇಷ್ಟವಾದ ಜಾಗ ಸಿಕ್ಕಿದ್ದು ಅಲ್ಲೇ, ಒಂದು ಸಣ್ಣ ಮರಾಠಿ ಖಾನಾವಳಿ. ಥಾಲಿಯಲ್ಲಿ ಪ್ರತಿಯೊಂದೂ ಅದರದ್ದೇ ವಾಟಿಯಲ್ಲಿ, ಅಂದರೆ ಪುಟ್ಟ ಬಟ್ಟಲಿನಲ್ಲಿ, ಬರುತ್ತದೆ. ನನ್ನ ಮಗನಿಗೆ ಹೇಳಿ ಮಾಡಿಸಿದ ಹಾಗಿತ್ತು. ವರಣ್ ಅಂದರೆ ಬೇಯಿಸಿ ಮಸೆದ ತೊಗರಿಬೇಳೆ, ಅರಿಶಿನ, ಇಂಗು, ಉಪ್ಪು ಅಷ್ಟೇ. ನಮ್ಮ ತೊವ್ವೆಯ ರುಚಿಗೆ ತೀರಾ ಹತ್ತಿರ. ಮೇಲೆ ಒಂದು ಚಮಚ ತುಪ್ಪ. ಬಡಿಸುತ್ತಿದ್ದವರಿಗೆ "ಮಾವಶಿ, ತಿಖಟ್ ನಕೋ", ಖಾರ ಬೇಡ ಅಂದೆ. ಭಾಜಿಯ, ಅಂದರೆ ಪಲ್ಯದ, ವಾಟಿಯನ್ನು ಅವರೇ ತೆಗೆದು ಆ ಜಾಗದಲ್ಲಿ ಬೆಲ್ಲದ ಚೂರು ಇಟ್ಟರು. ಮಗ ವರಣ್ ವಾಟಿಯಲ್ಲಿ ಬೆರಳದ್ದಿ ನೆಕ್ಕಿ ನೋಡಿದ. ಆಮೇಲೆ ಚಮಚ ಕೇಳಿದ. ಅನ್ನ ಒಂದು ಕಡೆ, ವರಣ್ ಒಂದು ಕಡೆ, ಎರಡೂ ಖಾಲಿ.

ತಂಗಿಯ ಮಗಳಿಗೆ ಪಾವ್ ಭಾಜಿ ಬೇಕಿತ್ತು. ಅವಳ ಈರುಳ್ಳಿ ಸಮಸ್ಯೆಗೆ ಈ ಕಡೆ ಸುಲಭದ ದಾರಿ ಇದೆ. ಪಾವ್ ಭಾಜಿ ಮಾಡುವ ಬಹಳಷ್ಟು ಹೋಟೆಲುಗಳು 'ಜೈನ್' ಅಂದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಕದೆ ಮಾಡಿಕೊಡುತ್ತವೆ. ಜೈನ್ ಭಾಜಿಯಲ್ಲಿ ಆಲೂಗಡ್ಡೆ ಬದಲು ಬಾಳೆಕಾಯಿ ಇರುತ್ತದೆ. ಆದರೆ ಖಾರ ಕಡಿಮೆ ಇರುತ್ತದೆ ಅಂತ ಅಲ್ಲ, ಅದನ್ನು ಬೇರೆಯಾಗಿ ಹೇಳಬೇಕು. ಮಾರನೇ ದಿನ ವಾಪಸು ಬರುವ ದಾರಿಯಲ್ಲಿ ಹೀಗೆ ಮಾಡಿಸಿದೆವು. ಪಾವ್‌ಗೆ ಬೆಣ್ಣೆ ಮಾತ್ರ ಹಾಕಿ ಬಿಸಿ ಮಾಡಿ ಕೊಟ್ಟರು, ಮಸಾಲೆ ಇಲ್ಲ. ಅವಳು ಭಾಜಿಯನ್ನು ಕೆದಕಿ ಕೆದಕಿ ನೋಡಿದಳು. ಚೂರು ಏನೂ ಸಿಗಲಿಲ್ಲ. ಒಂದು ಪಾವ್ ಪೂರ್ತಿ ತಿಂದಳು.

ಇಷ್ಟೆಲ್ಲ ಮಾಡಿದರೂ ಯಾವುದೋ ಒಂದು ಹೊತ್ತು ಎಲ್ಲವೂ ಬೇಡ ಅನ್ನುವುದು ಇದ್ದದ್ದೇ. ಅದಕ್ಕೆ ಒಂದು ಡಬ್ಬಿ ತೆಳು ಅವಲಕ್ಕಿ ರೂಮಿನಲ್ಲಿ ಇಟ್ಟಿರುತ್ತೇನೆ. ಮೊಸರು ಎಲ್ಲಾ ಅಂಗಡಿಯಲ್ಲಿ ಸಿಗುತ್ತದೆ. ಕಲಸಿ ಐದು ನಿಮಿಷ ಬಿಟ್ಟರೆ ಮೊಸರವಲಕ್ಕಿ. ಸಣ್ಣ ಖಾನಾವಳಿಗಳು ಮಧ್ಯಾಹ್ನದ ಊಟ ಮುಗಿಸಿ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ರಾತ್ರಿಯ ಊಟಕ್ಕೇ. ಸಂಜೆ ಆರಕ್ಕೆ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಹೋಗುವವರು ತೆರೆಯುವ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಿ.